ಹೋಟೆಲಿನ ಕೆಲಸಗಾರರು ನಿಲ್ಲತೊಡಗಿದ್ದು ಹೀಗೆ

ಉಡುಪಿಯ ರಥಬೀದಿಯ ಸಮೀಪವಿರುವ ನಮ್ಮ ಸಣ್ಣ ಹೋಟೆಲಿನಲ್ಲಿ ಬಡಿಸುವವರು ಕೆಲಸ ಕಲಿಯುವಷ್ಟರಲ್ಲೇ ಬಿಟ್ಟುಹೋಗುತ್ತಿದ್ದರು. ಸಂಬಳ ಏರಿಸಿದರೂ ಇದು ನಿಲ್ಲಲಿಲ್ಲ. ವಿಚಾರಿಸಿದಾಗ, ರಜೆಯ ಅನಿಶ್ಚಿತತೆಯೇ ಮುಖ್ಯ ಕಾರಣವೆಂದು ತಿಳಿಯಿತು. ದೀಪಾವಳಿಯಿಂದ ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ದೈವಾರಾಧನೆಯ ಕೋಲ, ನೇಮಗಳು ನಡೆಯುವ ಈ ಸೀಮೆಯಲ್ಲಿ ಕುಟುಂಬದ ದೈವದ ಸೇವೆಗೆ ಹೋಗಲಾಗದವನು ಮುನಿಸಿಕೊಳ್ಳುವುದು ಸಹಜವೇ. ಆದ್ದರಿಂದ ತಿಂಗಳ ಪಾಳಿಪಟ್ಟಿಯನ್ನು ಮುಂಚಿತವಾಗಿಯೇ ಗೋಡೆಗೆ ಅಂಟಿಸಿ, ನೇಮಕ್ಕೆ ಸಂಬಳಸಹಿತ ರಜೆ ಕೊಟ್ಟು, ಬಯಲುಸೀಮೆಯಿಂದ ಬಂದವರಿಗೆ ಅದರ ಬದಲು ಊರಿಗೆ ಹೋಗಿಬರುವಷ್ಟು ದಿನಗಳನ್ನು ಒಟ್ಟಾಗಿ ನಿಗದಿಪಡಿಸಿದೆವು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವನ್ನು ನಷ್ಟವೆಂದೇ ಭಾವಿಸಿದ್ದವರಿಗೆ, ಅವರ ಪಾಲು ವೇತನದ ಶೇ. 0.75 ಮಾತ್ರ, ಮಾಲೀಕರ ಪಾಲು ಶೇ. 3.25, ಚಿಕಿತ್ಸೆ ಮನೆಯವರಿಗೂ ಲಭ್ಯವೆಂದು ವಿವರಿಸಿದೆವು. ಈಗ ಬಿಡುವವರು ವಿರಳ. ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯೋತ್ಸವದ ಜನಸಂದಣಿಯಲ್ಲಿ ಮಾತ್ರ ಯಾರಿಗೂ ರಜೆಯಿಲ್ಲ. ಆ ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ ಕೊಡುತ್ತೇವೆ.