ಕ್ರಿಸ್ಮಸ್ ದಿಮ್ಮಿ: ಒಲೆಗೊಂದು, ತಟ್ಟೆಗೊಂದು

ಮೈಸೂರಿಂದ ಬಂದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೇಲಿ ಒಂದು ಹಳ್ಳಿ ಸೇರಿ ಮೂವತ್ತು ವರ್ಷದ ಮೇಲಾಯ್ತು. ಈ ಕಡೆ ಹೊಸದಾಗಿ ಕೆಲಸಕ್ಕೆ ಬಂದಿರೋ ನಮ್ಮ ಹುಡುಗೀರು ಡಿಸೆಂಬರ್ ಬಂತು ಅಂದ್ರೆ ಸಾಕು, ಆಂಟಿ ಬ್ಯೂಶ್ ಮಾಡೋಕೆ ಹೋದೆ ಒಡೆದು ಮೂರು ತುಂಡಾಯ್ತು ಅಂತ ಫೋನ್ ಮಾಡ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ. ಬ್ಯೂಶ್ ಅಂದ್ರೆ ಇಲ್ಲಿ ಕ್ರಿಸ್ಮಸ್ಸಿಗೆ ಮಾಡೋ, ಮರದ ದಿಮ್ಮಿ ಥರ ಸುತ್ತಿದ ಕೇಕ್. ಒಡೆದ್ರೆ ಒಡೀಲಿ ಬಿಡ್ರಮ್ಮ, ಅದು ಮರದ ದಿಮ್ಮಿ, ಬಿರುಕಿಲ್ಲದ ತೊಗಟೆ ಎಲ್ಲಾದ್ರೂ ನೋಡಿದ್ದೀರಾ?

ಈ ಕೇಕಿಗೆ ಯಾಕೆ ಮರದ ಆಕಾರ ಅಂತ ಗೊತ್ತಿದ್ರೆ ಮಾಡೋ ಕೈಗೂ ಒಂದು ಹದ ಬರುತ್ತೆ. ಮುಂಚೆ ಇಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ನಿಜವಾದ ದಿಮ್ಮೀನೇ ಒಲೆಗೆ ಹಾಕ್ತಿದ್ರು. ನಮ್ಮ ಪ್ರೊವಾನ್ಸಲ್ಲಿ ಅದಕ್ಕೆ ಕಾಚೊ-ಫಿಯೊ ಅಂತಾರೆ, ಹಣ್ಣು ಬಿಡೋ ಮರದ್ದೇ ಆಗಬೇಕು, ಪೇರ್ ಆಗ್ಲಿ ಚೆರ್ರಿ ಆಗ್ಲಿ ಬಾದಾಮಿ ಆಗ್ಲಿ. ಮನೇಲಿ ಎಲ್ಲರಿಗಿಂತ ಹಿರಿಯರು ಒಂದು ಕಡೆ, ಎಲ್ಲರಿಗಿಂತ ಚಿಕ್ಕ ಮಗು ಇನ್ನೊಂದು ಕಡೆ ಹಿಡ್ಕೊಂಡು ಊಟದ ಮೇಜಿನ ಸುತ್ತ ಮೂರು ಸುತ್ತು ಬಂದು, ದ್ರಾಕ್ಷಿ ರಸ ಕುದಿಸಿ ಮಾಡಿದ ಸಿಹಿ ವೈನನ್ನ ಅದರ ಮೇಲೆ ಮೂರು ಸಲ ಹುಯ್ದು ಬೆಂಕಿ ಹಚ್ಚೋದು. ಆಗ ಹೇಳೋ ಮಾತು ನನಗೆ ಬಹಳ ಇಷ್ಟ, ಮುಂದಿನ ವರ್ಷ ನಾವು ಜಾಸ್ತಿ ಆಗದಿದ್ರೂ ಪರವಾಗಿಲ್ಲ, ಕಮ್ಮಿ ಮಾತ್ರ ಆಗೋದು ಬೇಡ ಅಂತ. ನಾವು ಬಂದ ಹೊಸದ್ರಲ್ಲಿ ಪಕ್ಕದ ಮನೆ ತಾತ ನಮ್ಮನ್ನ ಕರೆದಿದ್ರು, ನನ್ನ ಮಗಳಿಗಾಗ ಐದು ವರ್ಷ, ಆ ಮೇಜಲ್ಲಿ ಅವಳೇ ಚಿಕ್ಕೋಳು. ದಿಮ್ಮಿ ಭಾರಕ್ಕೆ ಎರಡೇ ಸುತ್ತಿಗೆ ಕೈ ಬಿಟ್ಟಳು, ತಾತ ಒಬ್ಬರೇ ಎತ್ಕೊಂಡು ಮೂರನೇದು ಮುಗಿಸಿದ್ರು. ಉರಿದು ಉಳಿದ ತುಂಡು ಎತ್ತಿಟ್ಟು ಮುಂದಿನ ವರ್ಷದ ಬೆಂಕಿ ಅದರಿಂದ ಹಚ್ಚೋ ಪದ್ಧತಿ ಬೇರೆ ಇತ್ತು. ಬಹಳಷ್ಟು ಮನೆಗಳಲ್ಲಿ ಮಾತ್ರ 19ನೇ ಶತಮಾನದಲ್ಲೇ ದೊಡ್ಡ ಬೆಂಕಿಗೂಡು ಹೋಗಿ ಕಬ್ಬಿಣದ ಸಣ್ಣ ಒಲೆಗಳು ಬಂದ್ವು, ದಿಮ್ಮಿ ಹಿಡಿಸೋ ಜಾಗಾನೇ ಇಲ್ಲ, ಆ ಶತಮಾನದ ಕೊನೆಗೆ ಅದು ಮಿಠಾಯಿ ಅಂಗಡೀಲಿ ಕೇಕ್ ಆಗಿ ಕೂತಿತ್ತು.

ಮನೇಲಿ ಬೆಂಕಿಗೂಡು ಇರೋರಿಗೆ ಎರಡು ಮಾತು. ಹಸಿ ಸೌದೆ ಹಾಕಬೇಡಿ, ಹೊಗೆ ಬಂದು ಚಿಮಣಿ ಒಳಗೆ ಟಾರಿನ ಹಾಗೆ ಅಂಟುತ್ತೆ, ಮುಂದೊಂದು ದಿನ ಅದೇ ಹೊತ್ಕೊಳ್ಳುತ್ತೆ. ಎರಡು ಸೌದೆ ಒಂದಕ್ಕೊಂದು ಬಡಿದು ನೋಡಿ, ಟಣ್ ಅಂದ್ರೆ ಒಣಗಿದೆ, ದಬ್ ಅಂದ್ರೆ ಹಸಿ. ಓಕ್ ಆದ್ರೆ ಎರಡು ವರ್ಷವಾದ್ರೂ ಒಣಗಬೇಕು. ಬೂದಿ ವಿಷಯ ಮಾತ್ರ ನಾನು ಅನುಭವಿಸಿ ಹೇಳ್ತಿರೋದು. ಊರಲ್ಲಿ ಹಂಡೆ ಒಲೆ ಬೂದಿ ಬಳಿದವಳು ನಾನು, ನನಗೇನು ಹೇಳ್ಕೊಡ್ತೀರಾ ಅಂತ ಮಾರನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿಟ್ಟೆ, ಮಧ್ಯಾಹ್ನಕ್ಕೆ ಬಕೆಟ್ಟಿನ ತಳಾನೇ ಇಲ್ಲ, ಕೆಳಗಿನ ಮರದ ನೆಲದ ಮೇಲೆ ಕಪ್ಪು ಉಂಗುರ, ಇವತ್ತಿಗೂ ಅದರ ಮೇಲೆ ಕಾರ್ಪೆಟ್ ಹಾಸಿದೆ. ಬೂದಿ ಒಳಗೆ ಕೆಂಡ ಮೂರ್ನಾಲ್ಕು ದಿನದ ತನಕ ಜೀವ ಹಿಡ್ಕೊಂಡಿರಬಹುದು, ತಗಡಿನ ಬಕೆಟ್ಟಿಗೆ ಹಾಕಿ ಮುಚ್ಚಿ ಹೊರಗಿಡಿ.

ಇನ್ನು ಕೇಕ್. ನಾಲ್ಕು ಮೊಟ್ಟೆ, 100 ಗ್ರಾಂ ಸಕ್ಕರೆ ಸೇರಿಸಿ ಬೀಟರಲ್ಲಿ ಬೆಳ್ಳಗೆ ದಪ್ಪ ನೊರೆ ಬರೋ ತನಕ ಹೊಡೀರಿ, ಬೀಟರ್ ಎತ್ತಿದ್ರೆ ರಿಬ್ಬನ್ನಿನ ಹಾಗೆ ಬಿದ್ದು ಒಂದು ಗಳಿಗೆ ಮೇಲೇ ನಿಲ್ಲಬೇಕು. 100 ಗ್ರಾಂ ಮೈದಾ ಜರಡಿ ಹಿಡಿದು ಸ್ವಲ್ಪ ಸ್ವಲ್ಪವೇ ಉದುರಿಸ್ತಾ ಕೆಳಗಿಂದ ಮೇಲಕ್ಕೆ ಮಗುಚಿ, ದೋಸೆ ಹಿಟ್ಟು ಕಲಸೋ ಹಾಗೆ ಗರಗರ ತಿರುಗಿಸಿದ್ರೆ ಗಾಳಿ ಎಲ್ಲಾ ಹೋಗುತ್ತೆ. 30 ಇಂಟು 40 ಸೆಂಟಿಮೀಟರ್ ಟ್ರೇಗೆ ಬಟರ್ ಪೇಪರ್ ಹಾಕಿ ತೆಳ್ಳಗೆ ಹರಡಿ, ಮುಂಚೇನೇ ಕಾಯಿಸಿಟ್ಟ ಓವನ್ನಲ್ಲಿ 180 ಡಿಗ್ರೀಲಿ ಹತ್ತರಿಂದ ಹನ್ನೆರಡು ನಿಮಿಷ. ಅಲ್ಲಿಂದ ಅಲ್ಲಾಡಬೇಡಿ, ಫೋನ್ ಬಂದ್ರೂ ಎತ್ತಬೇಡಿ, ಎರಡು ನಿಮಿಷ ಜಾಸ್ತಿ ಆದ್ರೆ ಹಪ್ಪಳ.

ಒಡೆಯೋದು ಎಲ್ಲಿ ಅಂದ್ರೆ, ಎಲ್ಲರೂ ಪಾಪ ಆರಲಿ ಅಂತ ಕಾಯ್ತಾರೆ, ಅಲ್ಲೇ ಕೆಡೋದು. ಹೊರಗೆ ತೆಗೆದ ತಕ್ಷಣ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ತೆಳ್ಳನೆ ಬಟ್ಟೆ ಮೇಲೆ ಕವುಚಿ (ನಾನು ಹಳೇ ಪಂಚೆ ತುಂಡು ಇಟ್ಕೊಂಡಿದ್ದೀನಿ, ಅದರ ಮುಂದೆ ಅಂಗಡಿ ಟವೆಲ್ ಯಾವುದೂ ಇಲ್ಲ), ಪೇಪರ್ ಮೆಲ್ಲಗೆ ಕಿತ್ತು, ಬಟ್ಟೆ ಸಮೇತ ಚಾಪೆ ಸುತ್ತೋ ಹಾಗೆ ಬಿಸೀಲೇ ಸುತ್ತಿ ಹಾಗೇ ಆರೋಕೆ ಬಿಡಿ. ಕೇಕಿಗೆ ಆ ಸುತ್ತು ನೆನಪಿರುತ್ತೆ, ಆಮೇಲೆ ಬಿಚ್ಚಿ ಕ್ರೀಮ್ ಬಳಿದು ಮತ್ತೆ ಸುತ್ತಿದ್ರೆ ತಕರಾರು ಮಾಡಲ್ಲ. ಒಳಗೆ ಏನು ಅಂದ್ರೆ ನನ್ನ ಓಟು ಚೆಸ್ಟ್‌ನಟ್ ಕ್ರೀಮಿಗೆ, ಅಂದ್ರೆ ಚೆಸ್ಟ್‌ನಟ್ ಅನ್ನೋ ಕಾಯಿಯ ತಿರುಳನ್ನ ಸಕ್ಕರೆ ಹಾಕಿ ಅರೆದ ಪೇಸ್ಟಿಗೆ. ಆರ್ದೆಶ್ ಕಡೆ ಪ್ರಿವಾ ಅನ್ನೋ ಊರಲ್ಲಿ 1885ರಲ್ಲಿ ಶುರುವಾದ ಪದಾರ್ಥ ಅದು, ಇಲ್ಲಿ ಎಲ್ಲಾ ಅಂಗಡೀಲೂ ಡಬ್ಬಿ ಸಿಗುತ್ತೆ. ತುಂಬಾ ಸಿಹಿ, ಅದಕ್ಕೆ ಸಕ್ಕರೆ ಹಾಕದೆ ಹೊಡೆದ ಕ್ರೀಮ್ ಸಮಸಮ ಬೆರೆಸಿ.

ಮೇಲಕ್ಕೆ 200 ಗ್ರಾಂ ಡಾರ್ಕ್ ಚಾಕೊಲೇಟ್ ಚೂರು ಮಾಡಿ, 200 ಎಂಎಲ್ ಕ್ರೀಮ್ ಬಿಸಿ ಮಾಡಿ ಹುಯ್ದು ಕಲಸಿ, ಗಟ್ಟಿ ಆಗೋ ತನಕ ತಾಳ್ಮೆಯಿಂದ ಕಾಯಿರಿ, ಬಿಸೀಲಿ ಬಳಿದ್ರೆ ಎಲ್ಲಾ ತಟ್ಟೆಗೆ ಇಳಿಯುತ್ತೆ. ರೋಲಿನ ಒಂದು ತುದೀನ ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸಿದ್ರೆ ಕಡಿದ ಕೊಂಬೆ ಬುಡ ಆಯ್ತು. ಫೋರ್ಕಲ್ಲಿ ಉದ್ದಕ್ಕೆ ಗೀರು ಎಳೀರಿ, ಕೈ ನಡುಗಿದಷ್ಟೂ ಒಳ್ಳೇದು, ತೀರಾ ನೇರ ಎಳೆದ್ರೆ ಕಾರ್ಡ್‌ಬೋರ್ಡ್ ಥರ ಕಾಣುತ್ತೆ. ಬಿರುಕು ಇದ್ದಲ್ಲಿ ಒಂದು ಗೀರು ಜಾಸ್ತಿ.

ಮೊಟ್ಟೆ ತಿನ್ನದವರು ಎಗ್‌ಲೆಸ್ ಸ್ಪಂಜ್ ಮಾಡಿ ಸುತ್ತೋ ಸಾಹಸಕ್ಕೆ ಹೋಗಬೇಡಿ. ಮಾರಿ ಬಿಸ್ಕತ್ ಪುಡಿಗೆ ಕೋಕೋ, ಕರಗಿಸಿದ ಬೆಣ್ಣೆ, ಸ್ವಲ್ಪ ಹಾಲು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಬಟರ್ ಪೇಪರ್ ಮೇಲೆ ತಟ್ಟಿ, ಒಣ ಕೊಬ್ಬರಿ ತುರಿ, ಬೆಣ್ಣೆ, ಸಕ್ಕರೆ ಪುಡಿ ಕಲಸಿದ್ದನ್ನ ಒಳಗೆ ಹರಡಿ ಸುತ್ತಿ ಫ್ರಿಜ್ಜಲ್ಲಿಡಿ. ನಮ್ಮತ್ತೆ ಬಂದಾಗ ಇದನ್ನೇ ಮಾಡಿದ್ದು, ಎರಡು ಸಲ ಕೇಳಿ ಹಾಕಿಸ್ಕೊಂಡ್ರು.

ಹಿಂದಿನ ದಿನವೇ ಮಾಡಿಟ್ರೆ ರುಚಿ ಕೂತ್ಕೊಳ್ಳುತ್ತೆ, ಬಡಿಸೋ ಅರ್ಧ ಗಂಟೆ ಮುಂಚೆ ಹೊರಗೆ ತೆಗೀರಿ, ಚಾಕು ಬಿಸಿ ನೀರಲ್ಲಿ ಅದ್ದಿ ಒರೆಸಿ ಕೊಯ್ಯಿರಿ. ಹಿಮದ ಹಾಗೆ ಸಕ್ಕರೆ ಪುಡಿ ಉದುರಿಸೋದು ಕೊನೇ ಗಳಿಗೇಲಿ, ಇಲ್ಲಾಂದ್ರೆ ಕರಗಿ ಹೋಗುತ್ತೆ. ಮೊಟ್ಟೆ ಬಿಳಿ, ಸಕ್ಕರೆ ಹೊಡೆದು ಓವನ್ನಲ್ಲಿ ಒಣಗಿಸಿ ಮಾಡೋ ಅಣಬೆ ಆಕಾರದ ಮಿಠಾಯಿ ಇಟ್ಟರೆ ಅಂದ, ಆದ್ರೆ ಫ್ರಿಜ್ಜಲ್ಲಿ ಇಟ್ಟರೆ ಬೆವೆತು ಅಂಟಾಗುತ್ತೆ, ಬೇರೆ ಡಬ್ಬೀಲಿ ಗಾಳಿ ಆಡದ ಹಾಗೆ ಮುಚ್ಚಿಟ್ಟು ಬಡಿಸೋವಾಗ ಸಿಗಿಸಿ. ಆ ತಾತ ಈಗಿಲ್ಲ, ಹೋದ ವರ್ಷ ಅವರ ಮನೆ ಮೇಜಲ್ಲಿ ನಾನೇ ಎಲ್ಲರಿಗಿಂತ ಹಿರಿಯಳು, ದಿಮ್ಮಿಯ ಇನ್ನೊಂದು ತುದಿ ಹಿಡಿದಿದ್ದು ಅವರ ಮರಿಮಗ. ನಾನಿತ್ತ ಸುತ್ತು ಬಂದು ತಿರುಗಿ ನೋಡೋ ಹೊತ್ತಿಗೆ ಕೇಕಿನ ಮೇಲೆ ಒಂದು ಅಣಬೇನೂ ಇರಲಿಲ್ಲ, ಅವನ ಮೂತಿ ತುಂಬಾ ಬಿಳಿ. ಹತ್ತು ಬೇಕಾದ್ರೆ ಇಪ್ಪತ್ತು ಮಾಡಿ ಡಬ್ಬಿ ಮೇಲಿನ ಶೆಲ್ಫಲ್ಲಿಡಿ.