ಡೆಡ್ಜಾದಲ್ಲಿ ಸ್ವಯಂಸೇವಕರ ಸಂಯೋಜನೆ: ಮೊದಲ ಮೂರು ತಿಂಗಳು ನಾನು ಹೀಗೆ ಮಾಡಿದೆ

ಮಲಾವಿಯ ರಾಜಧಾನಿ ಲಿಲಾಂಗ್ವೆಯಿಂದ ಎಂ1 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 85 ಕಿ.ಮೀ. ಹೋದರೆ ಡೆಡ್ಜಾ. ಅಲ್ಲಿ ನನ್ನ ಪಾಲಿಗೆ ಬಂದದ್ದು ತಾಯಿ-ಮಕ್ಕಳ ಪೌಷ್ಟಿಕತೆಯ ಕೇರ್ ಗ್ರೂಪ್‌ಗಳು. ಒಬ್ಬ ಸ್ವಯಂಸೇವಕಿಗೆ ಅಕ್ಕಪಕ್ಕದ 10ರಿಂದ 15 ಮನೆ, ಅಂಥ 10–15 ಜನ ಸೇರಿದರೆ ಒಂದು ಗುಂಪು. ಐದು ಗುಂಪು ಅಂದರೆ ಏಳುನೂರರ ಆಸುಪಾಸು ಮನೆ. ಹೊಸದಾಗಿ ಬಂದವರಿಗೆ ಮೊದಲ ವಾರವೇ ತರಬೇತಿ ಇಟ್ಟುಬಿಡುವ ಆತುರ ಇರುತ್ತದೆ. ಅದು ಬೇಡ. ಮೊದಲು ಸ್ವಯಂಸೇವಕಿಯರ ರಿಜಿಸ್ಟರ್ ಸರಿಯಾಗಲಿ.

ಹಿಂದಿನವರು ಬಿಟ್ಟುಹೋದ ಹೆಸರುಪಟ್ಟಿಯನ್ನು ನಾನು ಪೂರ್ತಿ ಹೊಸದಾಗಿ ಬರೆದೆ. ಕಾರಣ ಇದೆ. ಅಲ್ಲಿನ ಚಿಚೆವಾ ಮಾತಿನಲ್ಲಿ ‘ಲ’ ಮತ್ತು ‘ರ’ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಹಾಜರಿ ಪುಸ್ತಕದಲ್ಲಿ ‘ಲೂತ್’ ಇದ್ದವಳೇ ಗುರುತಿನ ಚೀಟಿಯಲ್ಲಿ ‘ರೂತ್’ ಆಗಿರುತ್ತಾಳೆ. ಚಿಸೊಮೊ, ಚಿಮ್ವೆಮ್ವೆ ಅನ್ನುವ ಹೆಸರು ಹೆಣ್ಣಿಗೂ ಇಡುತ್ತಾರೆ, ಗಂಡಿಗೂ ಇಡುತ್ತಾರೆ. ಊರಲ್ಲಿ ಮಕ್ಕಳಿರುವ ಹೆಂಗಸರನ್ನು ಇಂಥವನ ತಾಯಿ ಎಂದೇ ಕರೆಯುವುದು ರೂಢಿ. ಹಾಗಾಗಿ ಗುರುತಿನ ಚೀಟಿಯಲ್ಲಿರುವ ಹೆಸರು, ಊರಲ್ಲಿ ಕರೆಯುವ ಹೆಸರು, ಹಳ್ಳಿ, ಆ ಹಳ್ಳಿಯ ಗ್ರೂಪ್ ವಿಲೇಜ್ ಹೆಡ್‌ಮನ್ (ಕೆಲವು ಹಳ್ಳಿಗಳಿಗೆ ಸೇರಿ ಒಬ್ಬ ಮುಖ್ಯಸ್ಥ), ಫೋನ್ ನಂಬರ್, ಮತ್ತು ಆ ಫೋನ್ ಯಾರದು ಎಂದು ಆರು ಕಾಲಂ ಹಾಕಿದೆ. ಕೊನೆಯ ಕಾಲಂ ಬಿಡಲೇಬೇಡಿ. ಎಷ್ಟೋ ಸಲ ಆ ನಂಬರ್ ಗಂಡನದು, ಇಲ್ಲವೇ ಪಕ್ಕದ ಮನೆಯವರದು.

ಇದರ ಬೆಲೆ ಗೊತ್ತಾಗುವುದು ಪ್ರಯಾಣ ಭತ್ಯೆ ಕೊಡುವಾಗ. ಸ್ವಯಂಸೇವಕಿಯರಿಗೆ ಸಂಬಳವಿಲ್ಲ, ಸಭೆಗೆ ಬಂದುಹೋಗುವ ಖರ್ಚು ಮಾತ್ರ. ಅದು ಒಂದು ಸಲ ತಪ್ಪಿದರೆ ಮುಂದಿನ ಸಭೆಯಲ್ಲಿ ಅರ್ಧ ಚಾಪೆ ಖಾಲಿ. ಕೊಡುವುದು ಫೋನಿಗೇ ಹಣ ಕಳಿಸುವ ಏರ್‌ಟೆಲ್ ಮನಿ ಅಥವಾ ಟಿಎನ್‌ಎಂ ಎಂಪಾಂಬಾದಲ್ಲಿ. 099ರ ನಂಬರ್ ಏರ್‌ಟೆಲ್, 088ರದು ಟಿಎನ್‌ಎಂ. ಎರಡಕ್ಕೂ ಪಟ್ಟಿ ಬೇರೆ ಮಾಡಿಟ್ಟುಕೊಂಡೆ. ಮೊದಲು ಎಲ್ಲರಿಗೂ ತೀರ ಸಣ್ಣ ಮೊತ್ತ ಕಳಿಸಿ, ಫೋನಿನಲ್ಲಿ ತೋರುವ ಹೆಸರನ್ನು ರಿಜಿಸ್ಟರ್ ಜೊತೆ ಹೋಲಿಸಬೇಕು. ಹೊಂದದಿದ್ದರೆ ಸಭೆಯಲ್ಲಿ ಅವರನ್ನೇ ಕೇಳಿ, ಸಿಮ್ ಯಾರ ಹೆಸರಿನಲ್ಲಿದೆ ಎಂದು ಬರೆಸಿ ಸಹಿಯೋ ಹೆಬ್ಬೆಟ್ಟೋ ಪಡೆಯಬೇಕು. ಏಜೆಂಟ್ ಹತ್ತಿರ ನಗದು ಬಿಡಿಸುವ ಶುಲ್ಕವನ್ನೂ ಭತ್ಯೆಗೆ ಸೇರಿಸಿ ಕಳಿಸಿ, ಇಲ್ಲದಿದ್ದರೆ ಅದು ಅವರ ಕೈಯಿಂದ ಹೋಗುತ್ತದೆ. ಇನ್ನೊಂದು ತೊಡಕು: ಸಣ್ಣ ಪೇಟೆಯ ಏಜೆಂಟ್ ಹತ್ತಿರ ನಗದು ಕಡಿಮೆ. ಅರವತ್ತು ಜನಕ್ಕೆ ಒಂದೇ ದಿನ ಹಣ ಬಂದರೆ ಇಪ್ಪತ್ತು ಜನಕ್ಕೆಲ್ಲ ಅವರ ಪೆಟ್ಟಿಗೆ ಬರಿದು. ನಾನು ಮೂರು ದಿನಕ್ಕೆ ಹಂಚಿ, ಅತಿ ದೂರದವರಿಗೆ ಮೊದಲು ಕಳಿಸುತ್ತಿದ್ದೆ.

ದರವನ್ನು ದೂರದ ಮೇಲೆ ಕಟ್ಟಿ, ಪಟ್ಟಿಯನ್ನು ಎಲ್ಲರ ಎದುರು ಓದಿ. ಕಬಾಜಾ, ಅಂದರೆ ಬಾಡಿಗೆ ಸೈಕಲ್, ಮಳೆಯಲ್ಲಿ ಹೆಚ್ಚು ಕೇಳುತ್ತದೆ. ಅದಕ್ಕೆ ಮಳೆಗಾಲದ ದರ ಬೇರೆ. 2023ರ ನವೆಂಬರಿನಲ್ಲಿ ತನ್ನ ನಾಣ್ಯ ಕ್ವಾಚಾದ ಬೆಲೆಯನ್ನು 44% ಇಳಿಸಿದ ದೇಶ ಇದು. ವರ್ಷಕ್ಕೊಮ್ಮೆ ದರ ನಿಗದಿ ಮಾಡಿ ಕೂತರೆ ನಡೆಯದು, ಮೂರು ತಿಂಗಳಿಗೊಮ್ಮೆ ನೋಡಲೇಬೇಕು.

ಹಳ್ಳಿಗೆ ಕಾಲಿಡುವ ಕ್ರಮವೂ ಇದೆ. ಮೊದಲು ಬೋಮಾ, ಅಂದರೆ ಜಿಲ್ಲಾ ಕೇಂದ್ರದ ಕಚೇರಿ. ಅಲ್ಲಿಂದ ಟ್ರೆಡಿಷನಲ್ ಅಥಾರಿಟಿ ಎನ್ನುವ ದೊಡ್ಡ ಮುಖ್ಯಸ್ಥರು, ನಂತರ ಗ್ರೂಪ್ ವಿಲೇಜ್ ಹೆಡ್‌ಮನ್, ಕೊನೆಗೆ ಹಳ್ಳಿಯ ಮುಖ್ಯಸ್ಥರು. ಮೆಟ್ಟಿಲು ಹಾರಿದರೆ ಯಾರೂ ಎದುರಿಗೆ ಬೇಡ ಅನ್ನುವುದಿಲ್ಲ, ಸಭೆಗೆ ಜನ ಮಾತ್ರ ಬರುವುದಿಲ್ಲ. ಇದು ಬರಿಯ ಶಿಷ್ಟಾಚಾರವಲ್ಲ. ಇದೇ ಜಿಲ್ಲೆಯ ತೆರೇಸಾ ಕಚಿಂಡಮೋಟೊ ಬಾಲ್ಯವಿವಾಹಗಳನ್ನು ರದ್ದುಮಾಡಿ ಹುಡುಗಿಯರನ್ನು ಮತ್ತೆ ಶಾಲೆಗೆ ಕಳಿಸಿದ್ದು ಮುಖ್ಯಸ್ಥೆಯ ಅಧಿಕಾರದಿಂದಲೇ. ಭೇಟಿಗೆ ಹೋಗುವಾಗ ಹೆಂಗಸರು ಚಿಟೆಂಜೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಳ್ಳುವುದು ಒಳ್ಳೆಯದು. ಏನಾದರೂ ಕೊಡುವಾಗ ಬಲಗೈಯಲ್ಲಿ ಕೊಟ್ಟು ಎಡಗೈಯಿಂದ ಬಲ ಮುಂಗೈ ಮುಟ್ಟಿಕೊಳ್ಳಿ. ನಮ್ಮ ನೀನು-ನೀವು ಥರ ಅಲ್ಲಿ ‘ಇವೆ’ ಮತ್ತು ‘ಇನು’ ಇವೆ; ಮಗುವಿಗಲ್ಲದೆ ಬೇರೆ ಯಾರಿಗೂ ‘ಇವೆ’ ಅನ್ನದಿರುವುದೇ ಕ್ಷೇಮ. ‘ಮುಲಿ ಬ್ವಾಂಜಿ’ ಎಂದು ಕ್ಷೇಮ ಕೇಳಿ, ಉತ್ತರಕ್ಕೆ ಕಾದು, ಆಮೇಲೆ ವಿಷಯಕ್ಕೆ ಬರಬೇಕು.

ಕ್ಯಾಲೆಂಡರನ್ನು ಮಳೆಯ ಸುತ್ತ ಕಟ್ಟಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಮೊದಲ ಮಳೆ ಬಿದ್ದ ವಾರ ಎಲ್ಲರೂ ಮೆಕ್ಕೆಜೋಳ ಬಿತ್ತುತ್ತಿರುತ್ತಾರೆ, ಆ ವಾರ ಸಭೆ ಕರೆದರೆ ಅದು ಅನ್ಯಾಯ. ಜನವರಿಯಿಂದ ಮಾರ್ಚ್ ಹಸಿವಿನ ತಿಂಗಳುಗಳು. ಕಣಜ ಬರಿದಾದ ಮನೆಯವರು ಗನ್ಯೂ, ಅಂದರೆ ಕೂಲಿಗೆ, ಹೋಗುತ್ತಾರೆ. ಆ ಕಾಲದಲ್ಲಿ ಸಭೆಯನ್ನು ಮಧ್ಯಾಹ್ನ ಎರಡರ ಮೇಲೆ, ಒಂದೇ ಗಂಟೆಗೆ ಇಳಿಸಿದೆ. ದೊಡ್ಡ ತರಬೇತಿ ಏನಿದ್ದರೂ ಜೂನ್‌ನಿಂದ ಸೆಪ್ಟೆಂಬರ್. ಚಿತ್ರಪಟ, ತೂಕದ ತಕ್ಕಡಿ ಇತ್ಯಾದಿ ಅಕ್ಟೋಬರ್ ಮುಗಿಯುವುದರೊಳಗೆ ಹಳ್ಳಿ ಸೇರಿರಬೇಕು, ಆಮೇಲೆ ಮಣ್ಣುರಸ್ತೆಯಲ್ಲಿ ಗಾಡಿ ಹೂತುಹೋಗುತ್ತದೆ. ಊರಲ್ಲಿ ಸಾವಾದರೆ ಅಂದಿನ ಕೆಲಸ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಭೆಗೂ ಇನ್ನೊಂದು ದಿನಾಂಕವನ್ನು ಮೊದಲೇ ಇಟ್ಟುಕೊಂಡು, ನಾನು ಆ ದಿನ ಮಲಿರೋಗೆ, ಅಂದರೆ ಅಂತ್ಯಕ್ರಿಯೆಗೆ, ಹೋಗಿ ಕೂರುತ್ತಿದ್ದೆ.

ತರಬೇತಿಯ ಊಟಕ್ಕೆ ತಲೆಗೆ ಕಾಲು ಕಿಲೋ ಮೆಕ್ಕೆಜೋಳದ ಹಿಟ್ಟಿನ ಲೆಕ್ಕ ಹಿಡಿದೆ. ಮುದ್ದೆ ಉಂಡವರಿಗೆ ನ್ಸಿಮಾ, ಅಂದರೆ ಆ ಹಿಟ್ಟಿನ ಮುದ್ದೆ, ಹೊಸದಲ್ಲ, ಆದರೆ ಅದನ್ನು ಅಗಿದು ತಿನ್ನುತ್ತಾರೆ. ಮೂವತ್ತು ಜನ ಎಂದರೆ ಕಂಕುಳಲ್ಲಿ ಹತ್ತು ಹನ್ನೆರಡು ಕೂಸುಗಳೂ ಬರುತ್ತವೆ. ಅವಕ್ಕೆ ನೆರಳಿನಲ್ಲಿ ಚಾಪೆ ಹಾಸಿ, ಮುಕ್ಕಾಲು ಗಂಟೆಗೊಮ್ಮೆ ಹಾಲೂಡಿಸುವ ಬಿಡುವು ಕೊಡಿ. ಪಾಠ ಮುಗಿದ ಮೇಲೆ ‘ಅರ್ಥವಾಯಿತೇ’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ‘ಎಯಾ’, ಹೌದು, ಅನ್ನುತ್ತಾರೆ. ‘ಸೋಮವಾರ ಮೊದಲು ಯಾರ ಮನೆಗೆ ಹೋಗುತ್ತೀರಿ, ಹೋಗಿ ಏನು ತೋರಿಸುತ್ತೀರಿ’ ಎಂದು ಕೇಳಿ, ಒಬ್ಬರಿಂದ ಮಾಡಿಸಿ ನೋಡಿ.

ನಿಮ್ಮ ಮನೆಯ ಮಟ್ಟಿಗೆ: ಕರೆಂಟ್ ಪ್ರೀಪೇಯ್ಡ್, 20 ಅಂಕಿಯ ಟೋಕನ್ ಮೀಟರಿಗೆ ಒತ್ತಬೇಕು, ಶುಕ್ರವಾರವೇ ಕೊಂಡಿಡಿ. ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಕಡ್ಡಿಯದು. ಡೆಡ್ಜಾ ಎತ್ತರದ ಊರು, ಜೂನ್-ಜುಲೈಗೆ ಸ್ವೆಟರ್ ಬೇಕು. ಸೊಳ್ಳೆ ಪರದೆ ತಪ್ಪಿಸಬೇಡಿ. ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ, ರಜಕ್ಕೆ ಬೆಂಗಳೂರಿಗೆ ಬಂದಾಗ ಜ್ವರ ಬಂದರೂ ಮಲಾವಿಯಿಂದ ಬಂದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.