ಹೊಳೆದಡಕ್ಕೆ ನೀರಂಜಿ: ನಾವು ನೆಡುವ ರೀತಿ

ಕೊಡಗಿನಲ್ಲಿ ಗಿಡ ನೆಡುವುದೆಂದರೆ ಜೂನ್. ನಾಲ್ಕು ಮಳೆ ಬಿದ್ದು ಮಣ್ಣು ಹದವಾದ ಕೂಡಲೇ ಕಾಫಿ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಎಲ್ಲವೂ ಗುಳಿಗೆ ಇಳಿಯುತ್ತವೆ. ಹೊಳೆದಡದ ಮಣ್ಣು ಕೊರೆಯದಂತೆ ನೆಡುವ ನೀರಂಜಿ ಮರಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ನೀರಂಜಿ ನೆಡುವುದು ಕಡಿದ ಕೊಂಬೆಯ ಗೂಟದಿಂದ; ಜೂನ್‌ನಲ್ಲಿ ಊರಿದ ಗೂಟಕ್ಕೆ ನೂಲಿನಂಥ ಬೇರು ಬರುವಷ್ಟರಲ್ಲಿ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ನೆರೆ ಬಂದಿರುತ್ತದೆ. ನೀರು ಗೂಟವನ್ನೂ ಎಳೆಯುತ್ತದೆ, ಗೂಟ ಸಡಿಲಿಸಿದ ಮಣ್ಣನ್ನೂ ಒಯ್ಯುತ್ತದೆ. ನಾವು ನೆಡುವುದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಒಳಗೆ. ಆಗ ಹೊಳೆ ಇಳಿಯುತ್ತಿರುತ್ತದೆ, ದಡದ ಮಣ್ಣಿನಲ್ಲಿ ತೇವ ಇರುತ್ತದೆ, ಮುಂದಿನ ನೆರೆಗೆ ಇನ್ನೂ ಒಂಬತ್ತು ತಿಂಗಳು ಇರುತ್ತದೆ. ನೀರು ದಿನದಿನಕ್ಕೆ ಇಳಿದಂತೆ ಬೇರೂ ತೇವದ ಹಿಂದೆಯೇ ಕೆಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಗಿಡ ಉಳಿಯುವುದು ಈ ಆಳದ ಬೇರಿನಿಂದ.

ನೀರಂಜಿ ನಮ್ಮ ನೆಲದ್ದೇ ವಿಲ್ಲೋ ಮರ, ಸಸ್ಯಶಾಸ್ತ್ರದಲ್ಲಿ ಸಾಲಿಕ್ಸ್ ಟೆಟ್ರಾಸ್ಪರ್ಮಾ. ಪಾರ್ಕುಗಳ ಕೆರೆಯಂಚಿನಲ್ಲಿ ಜೋತುಬಿದ್ದ ಕೊಂಬೆಯ ವಿಲ್ಲೋ ಹೊರಗಿನದು, ಕ್ರಿಕೆಟ್ ಬ್ಯಾಟಿನ ವಿಲ್ಲೋ ಕೂಡ ಬೇರೆ ಜಾತಿ. ಬಿಟ್ಟರೆ ಇದು ಹತ್ತು ಮೀಟರ್ ದಾಟುವ ಮರವಾಗುತ್ತದೆ, ಕಡಿಯುತ್ತಿದ್ದರೆ ಪೊದೆಯಾಗಿಯೇ ಉಳಿಯುತ್ತದೆ. ನಮಗೆ ದಡಕ್ಕೆ ಬೇಕಾದದ್ದು ಪೊದೆ.

ಹೊಳೆಯ ನಡುವೆ ಬಂಡೆ ಸಂದಿಯಲ್ಲಿ ಬೆಳೆಯುವ ಹೊಮೊನೋಯಿಯಾ ಪೊದೆಯನ್ನು ನೀರಂಜಿ ಎಂದು ಕಡಿದು ತರುವವರಿದ್ದಾರೆ. ಎರಡರ ಎಲೆಯೂ ಕಿರಿದು, ಉದ್ದ. ಅನುಮಾನವಿದ್ದರೆ ಮೊಗ್ಗು ನೋಡಿ. ನೀರಂಜಿಯ ಪ್ರತಿ ಎಲೆಮೊಗ್ಗಿನ ಮೇಲೂ ಟೋಪಿ ಹಾಕಿದ ಹಾಗೆ ಒಂದೇ ಒಂದು ಪೊರೆ ಇರುತ್ತದೆ, ಉಗುರಿನಿಂದ ಎತ್ತಿದರೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಎಲೆಯ ಅಂಚಿನಲ್ಲಿ ಸಣ್ಣ ಹಲ್ಲು, ಅಡಿಭಾಗ ಬೂದಿ ಬಳಿದಂತೆ ಬಿಳಿಚು. ಬಲಿತ ಕಾಂಡದ ತೊಗಟೆ ಉದ್ದುದ್ದಕ್ಕೆ ಆಳವಾಗಿ ಸೀಳಿರುತ್ತದೆ.

ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಮಳೆಗಾಲ ಮುಗಿದು ಚಳಿ ಹಿಡಿದ ಮೇಲೆ ಹೂವಿನ ತೆನೆ ಬರುತ್ತದೆ. ಗಂಡಿನದು ಹಳದಿ, ಹೆಣ್ಣಿನದು ಹಸಿರು. ಹೆಣ್ಣು ತೆನೆ ಬಲಿತು ಒಡೆದಾಗ ರೇಷ್ಮೆಯಂಥ ಬಿಳಿ ಎಳೆ ಹೊತ್ತ ಬೀಜ ಹಾರುತ್ತದೆ. ಆ ಬೀಜಕ್ಕೆ ಆಯಸ್ಸು ಕೆಲವೇ ದಿನ, ಅಷ್ಟರಲ್ಲಿ ಒದ್ದೆ ಮೆಕ್ಕಲು ಮಣ್ಣೋ ಮರಳ ದಿಣ್ಣೆಯೋ ಸಿಗಬೇಕು. ಮರಳು ಬಗೆದ ಹೊಳೆಯಲ್ಲಿ ಹೊಸ ನೀರಂಜಿ ಕಾಣದಿರುವುದು ಇದಕ್ಕೇ. ನರ್ಸರಿಗೆ ಈ ಬೀಜ ಕೂಡಿಟ್ಟು ಪ್ರಯೋಜನವಿಲ್ಲ, ಗೂಟವೇ ದಾರಿ. ಹೂವಿನ ಕಾಲದಲ್ಲಿ ಮರಗಳನ್ನು ಗುರುತು ಮಾಡಿಟ್ಟುಕೊಂಡು ಗಂಡು ಹೆಣ್ಣು ಎರಡರಿಂದಲೂ, ಆದಷ್ಟು ಹೆಚ್ಚು ಮರಗಳಿಂದ ಕೊಂಬೆ ತನ್ನಿ. ಒಂದೇ ಮರದ ಗೂಟಗಳೆಲ್ಲ ಒಂದೇ ಗಿಡದ ನಕಲು, ರೋಗ ಬಂದರೆ ಸಾಲಿಗೆ ಸಾಲೇ ಹೋಗುತ್ತದೆ. ಕಾವೇರಿಯಂಥ ದೊಡ್ಡ ಹೊಳೆಯ ದಡ ತೋಟದವರದ್ದಲ್ಲ. ಅಲ್ಲಿಂದ ಕೊಂಬೆ ತೆಗೆಯುವ ಮೊದಲು ಅರಣ್ಯ ಇಲಾಖೆಯನ್ನು ಕೇಳುವುದು ಒಳ್ಳೆಯದು.

ಗೂಟಕ್ಕೆ ಎರಡು ಮೂರು ವರ್ಷ ಬಲಿತ, ನೇರವಾದ ಕೊಂಬೆ ಬೇಕು. ದಪ್ಪ ಹೆಬ್ಬೆರಳಿಗಿಂತ ಕಡಿಮೆ ಬೇಡ, ಎರಡು ಇಂಚಿಗಿಂತ ಹೆಚ್ಚೂ ಬೇಡ. ಉದ್ದ ಎರಡೂವರೆ ಅಡಿಯಿಂದ ಮೂರು ಅಡಿ. ಬುಡದ ತುದಿಯನ್ನು ಓರೆಯಾಗಿ, ಮೇಲಿನ ತುದಿಯನ್ನು ಚಪ್ಪಟೆಯಾಗಿ ಕಡಿಯುವುದನ್ನು ಕೆಲಸದವರಿಗೆ ಮೊದಲೇ ಹೇಳಿ. ಕಟ್ಟು ಕಟ್ಟಿ ಹೊತ್ತು ತಂದ ಮೇಲೆ ತಲೆ ಯಾವುದು ಬುಡ ಯಾವುದು ಎಂದು ತಿಳಿಯಲು ಅದೊಂದೇ ಗುರುತು, ತಲೆಕೆಳಗಾಗಿ ಹೊಡೆದ ಗೂಟ ಏಳುವುದು ಅನುಮಾನ. ಎಲೆಯನ್ನೆಲ್ಲ ಸವರಿ, ಕಟ್ಟನ್ನು ಒಂದೆರಡು ದಿನ ಹರಿಯುವ ತೋಡಿನಲ್ಲಿ ಮುಳುಗಿಸಿಡಿ. ಜೀಪಿನ ಹಿಂದೆ ಬಿಸಿಲಿನಲ್ಲಿ ಅರ್ಧ ದಿನ ಬಿದ್ದಿದ್ದ ಗೂಟ ನೋಡಲು ಹಸಿರಾಗಿದ್ದರೂ ಒಳಗೆ ಒಣಗಿರುತ್ತದೆ.

ಹಾರೆಯಿಂದ ಮೊದಲು ತೂತು ಮಾಡಿ, ಆಮೇಲೆ ಗೂಟ ಇಳಿಸಿ. ನೇರ ಮಣ್ಣಿಗೆ ಹೊಡೆದರೆ ತೊಗಟೆ ಸುಲಿಯುತ್ತದೆ, ಬೇರು ಬರಬೇಕಾದ್ದೇ ಆ ತೊಗಟೆಯಡಿಯಿಂದ. ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಸಾಕು. ತಲೆ ಸೀಳಿದರೆ ಸೀಳಿದಷ್ಟನ್ನೂ ಕತ್ತರಿಸಿ. ಉದ್ದದ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ, ಮೇಲೆ ಎರಡೋ ಮೂರೋ ಕಣ್ಣು ಇದ್ದರೆ ಸಾಕು. ಇಲ್ಲೇ ಹೆಚ್ಚಿನವರು ಸೋಲುವುದು. ಉದ್ದ ಗೂಟವನ್ನು ಒಂದಡಿ ಊರಿ ಎರಡಡಿ ಮೇಲೆ ಬಿಟ್ಟರೆ ಚಿಗುರೇನೋ ಜೋರಾಗಿ ಬರುತ್ತದೆ, ಎಲ್ಲರಿಗೂ ಖುಷಿ. ಕಾಂಡದಲ್ಲಿದ್ದ ಆಹಾರದಿಂದ ಬಂದ ಚಿಗುರು ಅದು. ಬೇರು ಅಷ್ಟು ಎಲೆಗೆ ನೀರು ಕೊಡಲಾರದೆ ಫೆಬ್ರವರಿಯಲ್ಲಿ ಎಲ್ಲ ಒಣಗಿ ನಿಲ್ಲುತ್ತದೆ. ಗೂಟದ ಸುತ್ತ ಗಾಳಿ ಉಳಿಯದ ಹಾಗೆ ಕೆಸರು ನೀರು ಹೊಯ್ದು ಕಾಲಿನಿಂದ ಮೆಟ್ಟಬೇಕು. ಗೂಟದಿಂದ ಗೂಟಕ್ಕೆ ಎರಡರಿಂದ ಮೂರಡಿ, ಒಂದು ಸಾಲಿನ ಸಂದಿಗೆ ಮುಂದಿನ ಸಾಲಿನ ಗೂಟ.

ಕತ್ತರಿಸಿದಂತೆ ನೆಟ್ಟಗೆ ನಿಂತ ಬರೆಗೆ (ಮಣ್ಣಿನ ಕಡಿದಾದ ಮೈಗೆ) ಗೂಟ ಹೊಡೆದು ಫಲವಿಲ್ಲ. ಒಂದಡಿ ಎತ್ತರಕ್ಕೆ ಒಂದೂವರೆ ಅಡಿಯಾದರೂ ಇಳಿಜಾರು ಬರುವಂತೆ ಮೊದಲು ಬರೆ ತಗ್ಗಿಸಿಕೊಳ್ಳಿ. ಹೊಳೆ ತಿರುವಿನ ಹೊರಮೈಯಲ್ಲಿ ನೀರು ಬುಡ ಕೊರೆಯುತ್ತದೆ, ಅಲ್ಲಿ ಬುಡಕ್ಕೆ ಕಾಡುಕಲ್ಲು ಜೋಡಿಸಿ, ಕಲ್ಲಿನ ಮೇಲಿನಿಂದ ನೀರಂಜಿ ಶುರು ಮಾಡಬೇಕು. ಉಳಿದ ಸಣ್ಣ ರೆಂಬೆಗಳನ್ನು ಎಸೆಯಬೇಡಿ. ತೊಡೆ ಗಾತ್ರದ ಹೊರೆ ಕಟ್ಟಿ, ಇಳಿಜಾರಿಗೆ ಅಡ್ಡಲಾಗಿ ತೋಡಿದ ಸಣ್ಣ ಕಾಲುವೆಯಲ್ಲಿ ಮಲಗಿಸಿ, ಗೂಟ ಹೊಡೆದು, ಮುಕ್ಕಾಲು ಮುಚ್ಚುವಷ್ಟು ಮಣ್ಣು ಹಾಕಿ. ಹೊರೆಯೇ ಚಿಗುರಿ ಮೇಲಿನಿಂದ ಇಳಿಯುವ ಮಣ್ಣನ್ನು ತಡೆಯುತ್ತದೆ. ದಡದ ನೆತ್ತಿಗೆ ಲಾವಂಚದ ಸಾಲು ಒಳ್ಳೆಯ ಜೋಡಿ.

2018 ಮತ್ತು 2019ರ ಆಗಸ್ಟ್ ಮಳೆಯ ನಂತರ ಬರೆ ಕುಸಿದಲ್ಲೆಲ್ಲ ನೀರಂಜಿ ನೆಡಬಹುದೇ ಎಂದು ಕೇಳುವವರಿದ್ದಾರೆ. ಕರಡಿಗೋಡು, ನೆಲ್ಯಹುದಿಕೇರಿ ಕಡೆಯಂಥ ಹೊಳೆದಡದ ಕೊರೆತಕ್ಕೆ ಹೌದು. ಮಕ್ಕಂದೂರು, ಜೋಡುಪಾಲದಂತೆ ಗುಡ್ಡವೇ ಜಾರಿದಲ್ಲಿ ಇಲ್ಲ. ಅಲ್ಲಿ ಜಾರುವ ಪದರ ಬೇರಿಗೆ ಎಟುಕದ ಆಳದಲ್ಲಿರುತ್ತದೆ, ಮೊದಲು ಆಗಬೇಕಾದ್ದು ನೀರು ಬಸಿದು ಹೋಗುವ ದಾರಿ.

ಮೊದಲ ಎರಡು ವರ್ಷ ದನ, ಆಡು ಒಳಗೆ ಬಿಡಬಾರದು. ಎಳೆ ಎಲೆ ಅವಕ್ಕೆ ಒಳ್ಳೆಯ ಮೇವು, ಬುಡದವರೆಗೂ ಮೇಯುತ್ತವೆ. ಎಲೆಯ ಮೇಲೆ ಕಾಣುವ ಹುಳುಗಳಲ್ಲಿ ಕಂದು ಹಳದಿ ಮೈಗೆ ಕಪ್ಪು ಚುಕ್ಕೆಯ ಚಿಟ್ಟೆಯ ಮರಿಗಳೂ ಇರುತ್ತವೆ, ಹೊಳೆಯಂಚಿನಲ್ಲಿ ಅದಕ್ಕೆಂದು ಔಷಧಿ ಹೊಡೆಯುವ ಅಗತ್ಯವಿಲ್ಲ. ಬೋಳಾದ ಕೊಂಬೆ ಮತ್ತೆ ಚಿಗುರುತ್ತದೆ.

ಮೂರನೇ ವರ್ಷದಿಂದ ಕಪಾತು. ಕಾಫಿ ಕೊಯ್ಲು ಮುಗಿದು ಆಳು ಸಿಗುವ ಹೊತ್ತಿಗೆ ಅರ್ಧ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕಡಿದು, ಇನ್ನರ್ಧವನ್ನು ಮುಂದಿನ ವರ್ಷಕ್ಕೆ ಬಿಡಿ. ಬಳುಕುವ ಪೊದೆ ನೆರೆಯಲ್ಲಿ ಮಲಗಿ ದಡಕ್ಕೆ ಹಾಸಾಗುತ್ತದೆ. ದಪ್ಪ ಕಾಂಡದ ಮರ ಬೇರೆ, ಕಸ ಕೊಂಬೆ ತಡೆದು ಸುಳಿ ಎಬ್ಬಿಸುತ್ತದೆ, ಬಿದ್ದರೆ ದಡವನ್ನೇ ಕಿತ್ತುಕೊಂಡು ಹೋಗುತ್ತದೆ. ಕಿರಿದಾದ ತೋಡಿನಲ್ಲಿ ಕಪಾತು ಮಾಡದಿದ್ದರೆ ನೀರು ಎದುರು ದಡದ ಗದ್ದೆಗೆ ನುಗ್ಗುವುದು ಖಂಡಿತ, ಆಮೇಲೆ ನೆರೆಮನೆಯವರೊಂದಿಗೆ ಮಾತು ನಿಲ್ಲುತ್ತದೆ. ಪಂಪಿನ ಫುಟ್‌ವಾಲ್ವ್, ಬಾವಿ, ಪೈಪ್‌ಲೈನ್ ಹತ್ತಿರ ನೆಡಬೇಡಿ, ಬೇರು ಜೋಡಣೆಯ ಸಂದಿ ಹುಡುಕಿ ಒಳಗೆ ಹೋಗುತ್ತದೆ. ನೀರಂಜಿ ದೀರ್ಘಾಯುಷಿ ಮರವಲ್ಲ. ಅದರ ಹಿಂದೆಯೇ ಹೊಂಗೆ, ಹೊಳೆಮತ್ತಿ, ನೇರಳೆ ಇರಲಿ.

ಕಡಿದದ್ದಕ್ಕೂ ಉಪಯೋಗವುಂಟು. ಒಂದು ವರ್ಷದ ಪೆನ್ಸಿಲ್ ದಪ್ಪದ ಚಿಗುರುಗಳಲ್ಲಿ ಬುಟ್ಟಿ ಹೆಣೆಯಬಹುದು. ಕವಲೊಡೆಯದ ಉದ್ದ ಚಿಗುರು ಸಿಗುವುದು ಕಪಾತು ಮಾಡಿದ ಬುಡದಿಂದಲೇ. ಹಸಿಯಲ್ಲೇ ಹೆಣೆದರೆ ಒಣಗಿ ಸಡಿಲವಾಗುತ್ತದೆ. ನೆರಳಲ್ಲಿ ಒಣಗಿಸಿ, ಮತ್ತೆ ನೆನೆಸಿ ಹೆಣೆಯಬೇಕು. ಗಟ್ಟಿತನದಲ್ಲಿ ಬಿದಿರಿಗೂ ಬೆತ್ತಕ್ಕೂ ಸಮವಲ್ಲ, ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಗಂಡು ಮರದ ಪರಾಗ ಕಾಫಿ ಹೂವಿಗೆ ಮೊದಲು ಜೇನಿಗೆ ಸಿಗುವ ಮೇವು. ಸೌದೆಯಾಗಿ ಸಪ್ಪೆ, ಬೇಗ ಉರಿದು ಹೋಗುತ್ತದೆ. ಆದರೆ ಇದರ ಹಗುರ ಇದ್ದಿಲನ್ನು ಹಿಂದೆ ಕೋವಿಮದ್ದಿಗೆ ಬಳಸುತ್ತಿದ್ದರು.

ತೊಗಟೆಯ ಕಷಾಯ ಜ್ವರಕ್ಕೆ, ಕೀಲುನೋವಿಗೆ ಹಳೆಯ ಔಷಧಿ. ವಿಲ್ಲೋ ಜಾತಿಯ ತೊಗಟೆಯಲ್ಲಿರುವ ಸ್ಯಾಲಿಸಿನ್ ಮೈಯೊಳಗೆ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, 1899ರಲ್ಲಿ ಮಾರುಕಟ್ಟೆಗೆ ಬಂದ ಆಸ್ಪಿರಿನ್ ಅದೇ ಬಳಗದ್ದು. ಎಷ್ಟು ಸತ್ವ ಇಳಿಯಿತೆಂದು ಕಷಾಯದಲ್ಲಿ ಅಳೆಯಲಾಗದು. ಜ್ವರ ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಕ್ಕಳಿಗೆ, ಹೊಟ್ಟೆಹುಣ್ಣಿನವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಕೊಡಲೇಬಾರದು.